ಬಿಲ್ಲಿನ ಸೀಸನ್‌ನಲ್ಲಿ ಕ್ರಾಸ್‌ಬೋ ಇರಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತೀರ್ಥಹಳ್ಳಿ ಕಡೆಯವನು. ಈಗ ಇರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಇಲ್ಲಿ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗಲು ಶುರು ಮಾಡಿ ಹನ್ನೊಂದು ವರ್ಷ ಆಯಿತು. ಸೆಪ್ಟೆಂಬರ್ ಬಂತೆಂದರೆ ಇಲ್ಲಿನ ಕನ್ನಡದ ಗೆಳೆಯರು ನನ್ನನ್ನು ಒಂದೇ ಥರದ ಪ್ರಶ್ನೆ ಕೇಳುತ್ತಾರೆ. ಊರಿಂದ ಫೋನ್ ಮಾಡುವವರೂ ಕೇಳುತ್ತಾರೆ. ಎಲ್ಲದಕ್ಕೂ ಒಂದೇ ಕಡೆ ಉತ್ತರ ಬರೆದಿದ್ದೇನೆ. ಬೇಟೆಯೇ ತಪ್ಪು ಎನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ, ಅವರ ಮಾತಿನ ಮೇಲೆ ನನಗೆ ಗೌರವ ಇದೆ. ಇಲ್ಲಿರುವುದು ಬೇರೆ ವಿಷಯ. ಕಾನೂನು ಬೇಟೆಗೆ ಒಪ್ಪಿರುವ ಜಾಗದಲ್ಲಿ ಯಾವ ಆಯುಧಕ್ಕೆ ಯಾವ ದಿನ ಕೊಡಬೇಕು ಅನ್ನುವುದು. ಬೇಟೆಗೆ ಬಿಡುವ ಆ ದಿನಗಳಿಗೇ ಇಲ್ಲಿ ಸೀಸನ್ ಅನ್ನುತ್ತಾರೆ. ಟ್ರಿಗರ್ ಒತ್ತಿ ಬಾಣ ಬಿಡುವ ಕ್ರಾಸ್‌ಬೋವನ್ನು ಬಿಲ್ಲಿನ ಸೀಸನ್‌ಗೆ ಸೇರಿಸಬೇಕೇ ಅನ್ನುವುದೇ ಜಗಳ.

ಬಿಲ್ಲಿಗೆ ಅಂತಲೇ ಬೇರೆ ಸೀಸನ್ ಯಾಕೆ?

ಅಮೆರಿಕದಲ್ಲಿ ಬೇಟೆಯ ನಿಯಮ ಮಾಡುವುದು ಆಯಾ ರಾಜ್ಯ. ಬಿಲ್ಲಿಗೆಂದೇ ಜಿಂಕೆ ಸೀಸನ್ ತೆರೆದ ಮೊದಲ ರಾಜ್ಯ ನಮ್ಮ ವಿಸ್ಕಾನ್ಸಿನ್, 1934ರಲ್ಲಿ. ಕಾಡು ಮತ್ತು ವನ್ಯಜೀವಿಗಳ ಬಗ್ಗೆ ಬರೆದು ಹೆಸರಾದ ಆಲ್ಡೊ ಲಿಯೊಪೊಲ್ಡ್ ಆಗ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. ಅವರೂ ಬಿಲ್ಲುಗಾರರು, ಬಿಲ್ಲನ್ನು ತಮ್ಮ ಕೈಯಾರೆ ಮಾಡಿಕೊಳ್ಳುತ್ತಿದ್ದರು.

ಲೆಕ್ಕ ಸರಳ. ಬಿಲ್ಲು ಹಿಡಿದವನು ಜಿಂಕೆಯ ತೀರಾ ಹತ್ತಿರ ಹೋಗಬೇಕು. ಹತ್ತು ಸಲ ಹೋದರೆ ಒಂಬತ್ತು ಸಲ ಬರಿಗೈಯಲ್ಲಿ ವಾಪಸ್. ಅವನಿಂದ ಜಿಂಕೆಗಳ ಸಂಖ್ಯೆಗೆ ದೊಡ್ಡ ಪೆಟ್ಟು ಬೀಳುವುದಿಲ್ಲ. ಹಾಗಾಗಿ ಅವನಿಗೆ ದಿನ ಜಾಸ್ತಿ. ನಮ್ಮಲ್ಲಿ ಬಂದೂಕಿನ ಮುಖ್ಯ ಸೀಸನ್ ಬರೀ 9 ದಿನ, ನವೆಂಬರ್ ಕೊನೆಯ ಹೊತ್ತಿಗೆ. ಬಿಲ್ಲಿನ ಸೀಸನ್ ಸೆಪ್ಟೆಂಬರ್ ಮಧ್ಯದಲ್ಲಿ ಶುರುವಾಗಿ ಜನವರಿವರೆಗೂ ಇರುತ್ತದೆ. ಕಡಿಮೆ ಹೊಡೆಯುವವರಿಗೆ ಜಾಸ್ತಿ ದಿನ ಅನ್ನುವ ಒಪ್ಪಂದ ಇದು. ಕ್ರಾಸ್‌ಬೋ ಜಗಳ ಇರುವುದೆಲ್ಲ ಈ ಒಪ್ಪಂದದ ಸುತ್ತಲೇ.

ಕ್ರಾಸ್‌ಬೋ ಬಿಲ್ಲೋ, ಬಂದೂಕೋ?

ನೋಡಲು ಬಂದೂಕಿನ ಹಾಗೆ. ಹೆಗಲಿಗೆ ಒತ್ತಿ ಹಿಡಿಯುವ ಹಿಡಿ ಇದೆ, ಟ್ರಿಗರ್ ಇದೆ, ಮೇಲೆ ದುರ್ಬೀನು ಇದೆ. ಮುಂದುಗಡೆ ಒಂದು ಬಿಲ್ಲನ್ನು ಅಡ್ಡಡ್ಡ ಮಲಗಿಸಿದ್ದಾರೆ, ಅದಕ್ಕೇ ಕನ್ನಡದಲ್ಲಿ ಅಡ್ಡಬಿಲ್ಲು ಅಂತಲೂ ಹೇಳುತ್ತಾರೆ. ಆದರೆ ಇದರಲ್ಲಿ ಮದ್ದಿಲ್ಲ, ಗುಂಡಿಲ್ಲ. ಬಾಣವನ್ನು ತಳ್ಳುವುದು ಹೆದೆಯೇ. ಕೊಲ್ಲುವ ರೀತಿಯೂ ಬಾಣದ್ದೇ. ಗುಂಡು ಬಡಿದ ರಭಸಕ್ಕೆ ಒಳಗಿನದ್ದೆಲ್ಲ ಛಿದ್ರವಾಗುತ್ತದೆ. ಬಾಣದ ತುದಿಯಲ್ಲಿರುವುದು ಬ್ಲೇಡು, ಅದು ಕೊಯ್ಯುತ್ತದೆ, ಜಿಂಕೆ ರಕ್ತ ಹೋಗಿ ಸಾಯುತ್ತದೆ.

ವ್ಯತ್ಯಾಸ ಇರುವುದು ಹೆದೆಯನ್ನು ಹಿಡಿದಿಡುವುದರಲ್ಲಿ. ನನ್ನ ಬಿಲ್ಲು 62 ಪೌಂಡಿನದು, ಅಂದರೆ ಹೆದೆ ಎಳೆಯಲು ಅಷ್ಟು ಬಲ ಬೇಕು. ಅದನ್ನು ಎಳೆಯುವುದೂ ನಾನೇ, ಎಳೆದು ಹಿಡಿಯುವುದೂ ನಾನೇ. ಕ್ರಾಸ್‌ಬೋದಲ್ಲಿ ಎಳೆದ ಹೆದೆಯನ್ನು ಒಂದು ಕೊಕ್ಕೆ ಹಿಡಿದುಕೊಳ್ಳುತ್ತದೆ. ಬೆಳಗ್ಗೆ ಮರ ಹತ್ತಿ ಕೂತು ಒಂದು ಸಲ ಎಳೆದಿಟ್ಟರೆ ಸಾಯಂಕಾಲದವರೆಗೂ ಹಾಗೇ ಸಿದ್ಧವಾಗಿರುತ್ತದೆ.

ಬಲದ ಅಂಕಿ ನೋಡಿ ತುಂಬಾ ಜನ ಮೋಸ ಹೋಗುತ್ತಾರೆ. ಕ್ರಾಸ್‌ಬೋ 150ರಿಂದ 200 ಪೌಂಡು ಅಂದ ಕೂಡಲೇ ಬಿಲ್ಲಿನ ಮೂರು ಪಟ್ಟು ಅಂದುಕೊಳ್ಳುತ್ತಾರೆ. ಹಾಗಲ್ಲ. ಬಾಣಕ್ಕೆ ಸಿಗುವ ಶಕ್ತಿ ಎಷ್ಟು ಜೋರಾಗಿ ತಳ್ಳುತ್ತೇವೆ, ಎಷ್ಟು ದೂರ ತಳ್ಳುತ್ತೇವೆ ಅನ್ನುವ ಎರಡರ ಮೇಲೂ ನಿಂತಿದೆ. ಕೈಬಿಲ್ಲಿನ ಹೆದೆ ಸುಮಾರು 20 ಇಂಚು ತಳ್ಳುತ್ತದೆ. ಕ್ರಾಸ್‌ಬೋದ ಹೆದೆ ಸಾಮಾನ್ಯವಾಗಿ 10ರಿಂದ 16 ಇಂಚು. ಹಾಗಿದ್ದರೂ ಇವತ್ತಿನ ಒಳ್ಳೆಯ ಕ್ರಾಸ್‌ಬೋ ಬಾಣವನ್ನು ಸೆಕೆಂಡಿಗೆ 400 ಅಡಿ ವೇಗದಲ್ಲಿ ಬಿಡುತ್ತದೆ. ನನ್ನ ಬಿಲ್ಲು 285 ಅಡಿ. ಕ್ರಾಸ್‌ಬೋ ಮುಂದಿದೆ, ಅದನ್ನು ಒಪ್ಪಬೇಕು. ಆದರೆ ಜಿಂಕೆ ಬೇಟೆಯ ರೈಫಲ್ ಗುಂಡಿನ ವೇಗ ಸೆಕೆಂಡಿಗೆ 2,700 ಅಡಿಯ ಆಸುಪಾಸು. ಈ ಮೂರು ಅಂಕಿ ಪಕ್ಕ ಪಕ್ಕ ಇಟ್ಟು ನೋಡಿ. ಕ್ರಾಸ್‌ಬೋ ಯಾರ ಮನೆಯ ಮಗ ಅಂತ ನೀವೇ ಹೇಳುತ್ತೀರಿ.

ಹಾಗಾದರೆ ಕ್ರಾಸ್‌ಬೋದಿಂದ ನೂರು ಗಜ ದೂರದ ಜಿಂಕೆಗೆ ಹೊಡೆಯಬಹುದಾ?

ಹೊಡೆಯಬಾರದು. ಅಂಗಡಿಯ ಜಾಹೀರಾತಿನಲ್ಲಿ ನೂರು ಗಜಕ್ಕೆ ಗುರಿ ಹೊಡೆದು ತೋರಿಸುತ್ತಾರೆ. ಆ ಗುರಿ ಸ್ಪಂಜಿನದು, ಅದಕ್ಕೆ ಕಿವಿ ಇಲ್ಲ.

ಜಿಂಕೆಗೆ ಕಿವಿ ಇದೆ. ಶಬ್ದ ಸೆಕೆಂಡಿಗೆ 1,100 ಅಡಿಗಿಂತ ಜಾಸ್ತಿ ವೇಗದಲ್ಲಿ ಹೋಗುತ್ತದೆ, ಅಂದರೆ ಯಾವ ಬಾಣಕ್ಕಿಂತಲೂ ಮುಂಚೆ ಜಿಂಕೆಯನ್ನು ಮುಟ್ಟುವುದು ಹೆದೆಯ ಸದ್ದು. ಕೇಳಿದ ಕೂಡಲೇ ಅದು ಓಡಲು ಮೈ ತಗ್ಗಿಸುತ್ತದೆ. 30 ಗಜದಲ್ಲಿ ಕ್ರಾಸ್‌ಬೋ ಬಾಣಕ್ಕೂ ಸದ್ದಿಗೂ ನಡುವೆ ಇರುವ ಅಂತರ ಸುಮಾರು 0.15 ಸೆಕೆಂಡು. ಮೈ ತಗ್ಗಿಸಲು ಅಷ್ಟು ಹೊತ್ತು ಸಾಲದು. 60 ಗಜಕ್ಕೆ ಹೋದರೆ ಅಂತರ 0.3 ಸೆಕೆಂಡು ಆಗುತ್ತದೆ. ಅಷ್ಟು ಹೊತ್ತಿನಲ್ಲಿ ಎದೆಗೆ ಬಿಟ್ಟ ಬಾಣ ಬೆನ್ನಿಗೆ ಬೀಳುತ್ತದೆ, ಇಲ್ಲವೇ ಮೇಲಿಂದ ಹಾರಿಹೋಗುತ್ತದೆ. ಇದರ ಜೊತೆಗೆ ಅಷ್ಟು ದೂರಕ್ಕೆ ಬಾಣ ತನ್ನ ಭಾರಕ್ಕೇ ಮೂರೂವರೆ ಅಡಿ ಕೆಳಗಿಳಿದಿರುತ್ತದೆ. ದೂರದ ಅಂದಾಜು ಐದು ಗಜ ತಪ್ಪಿದರೂ ಬಾಣ ಗುರಿಯಿಂದ ಮೇಲೋ ಕೆಳಗೋ ಬೀಳುತ್ತದೆ.

ನನ್ನ ಲೆಕ್ಕದಲ್ಲಿ ಕೈಬಿಲ್ಲಿಗೆ 30 ಗಜ, ಕ್ರಾಸ್‌ಬೋಗೆ 40 ಗಜ. ಚೆನ್ನಾಗಿ ಅಭ್ಯಾಸ ಇದ್ದವರಿಗೂ 50 ದಾಟಬೇಡಿ ಅಂತಲೇ ಹೇಳುತ್ತೇನೆ.

ಹಳೆಯ ಬಿಲ್ಲುಗಾರರಿಗೆ ಅಷ್ಟೊಂದು ಸಿಟ್ಟು ಯಾಕೆ?

ಸುಮ್ನೆ ಬಂದ ಸಿಟ್ಟಲ್ಲ ಅದು. ಒಂದು ಬೆಳಗ್ಗೆ ನಡೆದದ್ದು ಹೇಳುತ್ತೇನೆ.

ಅಕ್ಟೋಬರ್ ಕೊನೆ. ಓಕ್ ಮರದ ಮೇಲೆ, ಹದಿನೈದು ಅಡಿ ಎತ್ತರದ ಅಟ್ಟಣೆಯಲ್ಲಿ ಕೂತಿದ್ದೆ. ಒಂದು ಹೆಣ್ಣು ಜಿಂಕೆ ಬಂತು. ಹದಿನೆಂಟು ಹೆಜ್ಜೆ ದೂರ. ಮೂಗಿನಿಂದ ಹಬೆ ಹೊರಡುವುದು ಕಾಣುತ್ತಿತ್ತು. ಈಗ ನಾನು ಬಿಲ್ಲೆತ್ತಬೇಕು, ಹೆದೆ ಎಳೆಯಬೇಕು, ಅದು ನೋಡದ ಹಾಗೆ. ಅದು ತಲೆ ತಗ್ಗಿಸಿತು. ನಾನು ಅರ್ಧ ಎಳೆದೆ. ಜಾಕೆಟ್ಟಿನ ತೋಳು ತೊಗಟೆಗೆ ಉಜ್ಜಿತು. ತಲೆ ಮೇಲೆದ್ದಿತು. ಅರ್ಧ ಎಳೆದ ಬಿಲ್ಲು ಹಿಡಿದು ಎಷ್ಟು ಹೊತ್ತು ನಿಲ್ಲಲು ಆಗುತ್ತದೆ? ಭುಜ ನಡುಗಿತು. ಬಿಳಿ ಬಾಲ ಎತ್ತಿತು, ಹೋಯಿತು.

ನನ್ನ ಪಕ್ಕದ ಮನೆಯ ಹಿರಿಯರು ಅದೇ ಮರದಲ್ಲಿ ಕ್ರಾಸ್‌ಬೋ ಹಿಡಿದು ಕೂತಿದ್ದರೆ ಆ ಜಿಂಕೆ ಅವರಿಗೆ ಸಿಗುತ್ತಿತ್ತು. ಅವರು ಕದಲಿಸಬೇಕಾದದ್ದು ಒಂದು ಬೆರಳು ಮಾತ್ರ. ಹಳಬರು ಹೇಳುವುದು ಇದನ್ನೇ. ಬಿಲ್ಲಿನ ಬೇಟೆಯ ಜೀವ ಇರುವುದು ಆ ಎಳೆತದಲ್ಲಿ. ಅದನ್ನು ತೆಗೆದರೆ ಅಷ್ಟು ದಿನಗಳ ಸೀಸನ್ ಯಾಕೆ ಕೊಡಬೇಕು ಅನ್ನುತ್ತಾರೆ. ಈ ಮಾತಿನಲ್ಲಿ ಸತ್ಯ ಇದೆ, ನನಗೆ ಅದು ಮೈಯಿಂದಲೇ ಗೊತ್ತು.

ಇದರ ಹಿಂದೆ ಒಂದು ಕಥೆಯೂ ಇದೆ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಹತ್ತಿರ ಇಶಿ ಅನ್ನುವ ಮೂಲನಿವಾಸಿ ಒಬ್ಬನೇ ಕಾಡಿನಿಂದ ಹೊರಬಂದ. ಯಾಹಿ ಜನರಲ್ಲಿ ಉಳಿದಿದ್ದವನು ಅವನೊಬ್ಬನೇ. ಅವನ ಜನರನ್ನೆಲ್ಲ ಬಿಳಿಯರು ಬಂದ ಮೇಲೆ ಕೊಂದು, ಓಡಿಸಿ ಮುಗಿಸಿದ್ದರು. ಅವನಿಗೆ ಚಿಕಿತ್ಸೆ ಕೊಡುತ್ತಿದ್ದ ಸ್ಯಾಕ್ಸ್‌ಟನ್ ಪೋಪ್ ಅನ್ನುವ ಡಾಕ್ಟರ್ ಬಿಲ್ವಿದ್ಯೆ ಕಲಿತದ್ದು ಅವನಿಂದ. ಇಶಿ 1916ರಲ್ಲಿ ಕ್ಷಯದಿಂದ ತೀರಿಕೊಂಡ. ಪೋಪ್ ಮತ್ತು ಅವರ ಗೆಳೆಯ ಆರ್ಟ್ ಯಂಗ್ ಆ ವಿದ್ಯೆಯನ್ನು ದೇಶಕ್ಕೆಲ್ಲ ಹರಡಿದರು. ಅವರ ಹೆಸರಿನಲ್ಲೇ 1961ರಲ್ಲಿ ಪೋಪ್ ಆ್ಯಂಡ್ ಯಂಗ್ ಕ್ಲಬ್ ಹುಟ್ಟಿತು. ಬಿಲ್ಲಿನಲ್ಲಿ ಹೊಡೆದ ದೊಡ್ಡ ಕೊಂಬುಗಳ ದಾಖಲೆ ಇಡುವ ಸಂಸ್ಥೆ ಅದು. ಕ್ರಾಸ್‌ಬೋದಲ್ಲಿ ಹೊಡೆದದ್ದನ್ನು ಅದು ದಾಖಲೆಗೆ ತೆಗೆದುಕೊಳ್ಳುವುದಿಲ್ಲ.

ಆದರೆ ಈಗಿನ ಬಿಲ್ಲುಗಳೂ ಇಶಿಯ ಬಿಲ್ಲಿನ ಹಾಗಿಲ್ಲ, ಅಲ್ವಾ?

ಇಲ್ಲ. ಈ ಪ್ರಶ್ನೆ ಕೇಳಿದವರಿಗೆ ನಾನು ಯಾವತ್ತೂ ಖುಷಿಯಿಂದ ಉತ್ತರ ಕೊಡುತ್ತೇನೆ. ಮಿಸ್ಸೂರಿಯ ಹೊಲೆಸ್ ವಿಲ್ಬರ್ ಆ್ಯಲನ್ ಅನ್ನುವವರು ಬಿಲ್ಲಿನ ಎರಡೂ ತುದಿಗೆ ರಾಟೆ ಕೂರಿಸಿದರು. 1969ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅದೇ ಕಾಂಪೌಂಡ್ ಬಿಲ್ಲು. ಪೂರ್ತಿ ಎಳೆದ ಮೇಲೆ ಅದರ ಭಾರ ಇಳಿದುಬಿಡುತ್ತದೆ. ನನ್ನ 62 ಪೌಂಡಿನ ಬಿಲ್ಲನ್ನು ಪೂರ್ತಿ ಎಳೆದಾಗ ಕೈಗೆ ಉಳಿಯುವುದು 12 ಪೌಂಡು ಮಾತ್ರ. ಬಿಡುವುದಕ್ಕೂ ಮಣಿಕಟ್ಟಿಗೆ ಕಟ್ಟಿದ ಒಂದು ಟ್ರಿಗರ್ ಇದೆ.

ಇದು ಬಂದಾಗಲೂ ಇದೇ ಗಲಾಟೆ ಆಗಿತ್ತು. ಇದು ಬಿಲ್ಲೇ ಅಲ್ಲ, ಯಂತ್ರ ಅಂದರು. ಪೋಪ್ ಆ್ಯಂಡ್ ಯಂಗ್ ಕ್ಲಬ್ ಕಾಂಪೌಂಡನ್ನು ಒಪ್ಪಿತು, ಆದರೆ ಭಾರ ನೂರಕ್ಕೆ 65ಕ್ಕಿಂತ ಜಾಸ್ತಿ ಇಳಿಯುವ ಬಿಲ್ಲನ್ನು ಬಹಳ ವರ್ಷ ದೂರವೇ ಇಟ್ಟಿತ್ತು. ಇವತ್ತು ಅಂಥ ಬಿಲ್ಲೇ ಎಲ್ಲರ ಕೈಯಲ್ಲಿದೆ. ಹಾಗಾಗಿ ಕಾಂಪೌಂಡ್ ಹಿಡಿದವರು ಕ್ರಾಸ್‌ಬೋ ಹಿಡಿದವರಿಗೆ ನಿಮ್ಮದು ಯಂತ್ರ ಅಂತ ಹೇಳುವುದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಎಳೆತದ ಮಾತು ಬೇರೆ, ಅದು ನಿಜವಾದ ವ್ಯತ್ಯಾಸ. ಯಂತ್ರದ ಮಾತು ನಿಲ್ಲುವುದಿಲ್ಲ.

ಯಾವ ರಾಜ್ಯದಲ್ಲಿ ಏನು ನಿಯಮ?

ಒಹಾಯೊದಲ್ಲಿ ಕ್ರಾಸ್‌ಬೋ ಬೇಟೆಗೆ 1970ರ ದಶಕದಿಂದಲೇ ಒಪ್ಪಿಗೆ ಇದೆ. ಪೆನ್ಸಿಲ್ವೇನಿಯಾ 2009ರಲ್ಲಿ ಬಿಲ್ಲಿನ ಸೀಸನ್ ಪೂರ್ತಿ ಕ್ರಾಸ್‌ಬೋಗೂ ಬಿಟ್ಟುಕೊಟ್ಟಿತು. ಮಿಷಿಗನ್ ಅದೇ ವರ್ಷ ಹಂತ ಹಂತವಾಗಿ ಶುರು ಮಾಡಿತು. ವಿಸ್ಕಾನ್ಸಿನ್‌ನಲ್ಲಿ 2014ರಿಂದ ಎಲ್ಲರಿಗೂ ಇದೆ. ಮಿನ್ನೆಸೋಟ 2023ರಲ್ಲಿ ಎಲ್ಲ ವಯಸ್ಸಿನವರಿಗೂ ತೆರೆಯಿತು. ಆರೆಗನ್ ಮಾತ್ರ ದೊಡ್ಡ ಪ್ರಾಣಿಗಳ ಬೇಟೆಗೆ ಕ್ರಾಸ್‌ಬೋ ಬೇಡವೇ ಬೇಡ ಎಂದು ಕೂತಿದೆ. ನಿಯಮ ವರ್ಷ ವರ್ಷ ಬದಲಾಗುತ್ತದೆ, ಹೊರಡುವ ಮುಂಚೆ ನಿಮ್ಮ ರಾಜ್ಯದ ಆ ವರ್ಷದ ನಿಯಮ ಓದಿ.

ವಯಸ್ಸಾದವರಿಗೆ, ಕೈಗೆ ತೊಂದರೆ ಇದ್ದವರಿಗೆ ಮಾತ್ರ ಕೊಟ್ಟರೆ ಸಾಲದೇ?

ವಿಸ್ಕಾನ್ಸಿನ್‌ನಲ್ಲಿ 2014ಕ್ಕೆ ಮುಂಚೆ ಹಾಗೇ ಇತ್ತು. 65 ದಾಟಿರಬೇಕು, ಇಲ್ಲವೇ ಅಂಗವೈಕಲ್ಯದ ಪರ್ಮಿಟ್ ಇರಬೇಕು.

ಪಕ್ಕದ ಮನೆಯ ಹಿರಿಯರ ವಿಷಯ ಹೇಳಿದೆನಲ್ಲ. ನನಗೆ ಕಾಡು ಓದಲು ಕಲಿಸಿದ್ದೇ ಅವರು. ಜಿಂಕೆ ರಾತ್ರಿ ಮಲಗಿದ ಹುಲ್ಲಿನ ಗುಂಡಿಗೆ ಕೈಯಿಟ್ಟು, ಇನ್ನೂ ಬೆಚ್ಚಗಿದೆ ನೋಡು ಅಂತ ತೋರಿಸಿದವರು. ನಾಲ್ಕು ವರ್ಷದ ಹಿಂದೆ ಬಲ ಭುಜದ ಆಪರೇಷನ್ ಆಯಿತು. ಮರುವರ್ಷ ಬಿಲ್ಲೆತ್ತಿ ಎಳೆಯಲು ಹೋದರು, ಆಗಲಿಲ್ಲ. ಬಿಲ್ಲನ್ನು ಗ್ಯಾರೇಜಿನ ಮೊಳೆಗೆ ತೂಗುಹಾಕಿ, ಸ್ವಲ್ಪ ಹೊತ್ತು ಅದರ ಮುಂದೆ ನಿಂತಿದ್ದರು. ಈಗ ಕ್ರಾಸ್‌ಬೋ ಹಿಡಿದು ಬರುತ್ತಾರೆ. ಮುಂದಿನ ಬಳೆಯನ್ನು ನೆಲಕ್ಕೆ ಊರಿ, ಕುದುರೆಯ ರಿಕಾಪಿಗೆ ಕಾಲಿಟ್ಟ ಹಾಗೆ ಅದರೊಳಗೆ ಬೂಟು ತೂರಿಸುತ್ತಾರೆ. ಹೆದೆ ಎಳೆಯಲು ಕೈಯಿಂದ ತಿರುಗಿಸುವ ರಾಟೆ ಇದೆ. ಬಾವಿಯಿಂದ ನೀರು ಸೇದಿದಷ್ಟು ನಿಧಾನವಾಗಿ ತಿರುಗಿಸುತ್ತಾರೆ. ಅವರ ಅಕ್ಟೋಬರ್ ಅವರಿಗೆ ವಾಪಸ್ ಸಿಕ್ಕಿತು. ಇಂಥವರಿಗೆ ಪೂರ್ತಿ ಸೀಸನ್ ಸಿಗಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಅದಕ್ಕೆ ಡಾಕ್ಟರ ಸರ್ಟಿಫಿಕೇಟು ಹಿಡಿದು ಅಲೆಸಲೂಬಾರದು.

ಎಲ್ಲರಿಗೂ ಕೊಟ್ಟರೆ ಜಿಂಕೆ ಖಾಲಿ ಆಗುವುದಿಲ್ಲವೇ?

ಬಿಳಿಬಾಲದ ಜಿಂಕೆ ಅಮೆರಿಕದಲ್ಲಿ ಸುಮಾರು 3 ಕೋಟಿ ಇವೆ. ನಮ್ಮ ರಾಜ್ಯದ ದಕ್ಷಿಣದಲ್ಲಿ ತೊಂದರೆ ಇರುವುದು ಅವು ಜಾಸ್ತಿಯಾಗಿರುವುದರಿಂದ. ರಸ್ತೆಗೆ ನುಗ್ಗುತ್ತವೆ, ಮೆಕ್ಕೆಜೋಳದ ಹೊಲ ಮೇಯುತ್ತವೆ, ಕಾಡಿನಲ್ಲಿ ಓಕ್ ಸಸಿ ಏಳಲು ಬಿಡುವುದಿಲ್ಲ. ಇದರ ಮೇಲೆ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅನ್ನುವ ಮೆದುಳಿನ ರೋಗ ಬೇರೆ. 1967ರಲ್ಲಿ ಕೊಲರಾಡೊದಲ್ಲಿ ಮೊದಲು ಕಂಡಿತು, ವಿಸ್ಕಾನ್ಸಿನ್‌ನಲ್ಲಿ ಪತ್ತೆಯಾದದ್ದು 2002ರಲ್ಲಿ, ಮೌಂಟ್ ಹೋರೆಬ್ ಸುತ್ತ. ಜಿಂಕೆ ಒಣಗಿ ಒಣಗಿ ಸಾಯುತ್ತದೆ, ಮದ್ದಿಲ್ಲ. ಹತ್ತಿರ ಹತ್ತಿರ ಇದ್ದಷ್ಟೂ ಹರಡುತ್ತದೆ. ಇಂಥ ಕಡೆ ಬೇಟೆಗಾರರು ಕಡಿಮೆಯಾಗುತ್ತಿರುವುದೇ ಸರ್ಕಾರದ ಚಿಂತೆ. ಹಳಬರು ಬಿಡುತ್ತಿದ್ದಾರೆ, ಹೊಸಬರು ಸಾಕಷ್ಟು ಬರುತ್ತಿಲ್ಲ.

ಹಣದ ಮಾತೂ ಇದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬೇಟೆಯ ಆಯುಧಗಳ ಮೇಲೆ ತೆರಿಗೆ ಇದೆ, ಅದು ವನ್ಯಜೀವಿಗಳ ಕೆಲಸಕ್ಕೇ ಹೋಗುತ್ತದೆ. 1970ರ ದಶಕದಲ್ಲಿ ಬಿಲ್ಲು ಬಾಣಗಳನ್ನೂ ಅದಕ್ಕೆ ಸೇರಿಸಿದರು. ಕ್ರಾಸ್‌ಬೋ ಕೊಂಡಾಗಲೂ ಶೇ. 11ರ ಆ ತೆರಿಗೆ ಬೆಲೆಯಲ್ಲೇ ಸೇರಿರುತ್ತದೆ.

ಆದರೆ ಉತ್ತರದ ದಟ್ಟ ಕಾಡುಗಳ ಕಥೆ ಬೇರೆ. ಅಲ್ಲಿ ಹಿಮ ಜಾಸ್ತಿ, ತೋಳ ಇವೆ, ಜಿಂಕೆ ಕಡಿಮೆ. ಅಲ್ಲಿನ ಬಂದೂಕಿನವರ ದೂರು ನಾನು ಕೇಳಿದ್ದೇನೆ. ನವೆಂಬರ್ ಮೊದಲಲ್ಲಿ ಬೆದೆಗಾಲ. ಗಂಡು ಜಿಂಕೆ ಮೈಮರೆತು ಹಗಲಲ್ಲೇ ಓಡಾಡುತ್ತದೆ. ಆಗ ಕಾಡಿನಲ್ಲಿರುವುದು ಬಿಲ್ಲು ಮತ್ತು ಕ್ರಾಸ್‌ಬೋದವರು. ನಮ್ಮ 9 ದಿನ ಬರುವಷ್ಟರಲ್ಲಿ ಒಳ್ಳೆಯ ಕೊಂಬುಗಳೆಲ್ಲ ಹೋಗಿರುತ್ತವೆ ಅನ್ನುತ್ತಾರೆ. ನಮ್ಮ ರಾಜ್ಯದಲ್ಲಿ ಕೈಬಿಲ್ಲಿಗಿಂತ ಕ್ರಾಸ್‌ಬೋಗೆ ಬೀಳುವ ಜಿಂಕೆಯೇ ಈಗ ಜಾಸ್ತಿ. ಹಾಗಾಗಿ ಈ ದೂರನ್ನು ತಳ್ಳಿಹಾಕಲು ಆಗುವುದಿಲ್ಲ.

ಹಾಗಾದರೆ ನಿಮ್ಮ ನಿಲುವು ಏನು?

ಜಿಂಕೆ ಜಾಸ್ತಿ ಇರುವ ಜಿಲ್ಲೆಗಳಲ್ಲಿ ಎಲ್ಲರಿಗೂ ಪೂರ್ತಿ ಸೀಸನ್ ಕೊಡಲಿ. ಕಡಿಮೆ ಇರುವ ಕಡೆ ವಯಸ್ಸಾದವರಿಗೆ ಮತ್ತು ಕೈಲಾಗದವರಿಗೆ ಪೂರ್ತಿ ಕೊಟ್ಟು, ಉಳಿದವರಿಗೆ ಬೆದೆಗಾಲ ಕಳೆದ ಮೇಲೆ ಕೊಡಲಿ. ಇಡೀ ರಾಜ್ಯಕ್ಕೆ ಒಂದೇ ಉತ್ತರ ಹುಡುಕಲು ಹೋಗಿಯೇ ಈ ಜಗಳ ಇಷ್ಟು ವರ್ಷ ಎಳೆದಿದೆ. ವಿಸ್ಕಾನ್ಸಿನ್ ಒಂದು ಒಳ್ಳೆಯ ಕೆಲಸ ಮಾಡಿದೆ, ಬಿಲ್ಲಿಗೂ ಕ್ರಾಸ್‌ಬೋಗೂ ಬೇರೆ ಬೇರೆ ಲೈಸೆನ್ಸ್ ಇಟ್ಟು ಲೆಕ್ಕವನ್ನೂ ಬೇರೆ ಇಟ್ಟಿದೆ. ಯಾವುದಕ್ಕೆ ಎಷ್ಟು ಬಿತ್ತು ಅನ್ನುವುದು ಗೊತ್ತಿದ್ದರೆ ಜಿಲ್ಲೆ ಜಿಲ್ಲೆ ನೋಡಿ ತೀರ್ಮಾನ ಮಾಡಬಹುದು.

ಇನ್ನೊಂದು ಆಸೆ ಇದೆ. ಇಲ್ಲಿ 1973ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ಬೇಟೆಯ ತರಬೇತಿ ಪಾಸಾಗಿರಬೇಕು. ಕ್ರಾಸ್‌ಬೋ ಹಿಡಿಯುವವರಿಗೆ ಯಾವ ವರ್ಷ ಹುಟ್ಟಿದ್ದರೂ ಒಂದು ದಿನದ ಕ್ಲಾಸು ಕಡ್ಡಾಯ ಆಗಬೇಕು.

ಕ್ಲಾಸು ಯಾಕೆ? ಟ್ರಿಗರ್ ಒತ್ತಿದರೆ ಆಯಿತಲ್ಲ?

ಇದೇ ನಂಬಿಕೆಯಿಂದ ಬೆರಳು ಹೋಗುವುದು. ಕ್ರಾಸ್‌ಬೋದಲ್ಲಿ ಹೆದೆ ಬಾಣದ ಹಳಿಯ ಮೇಲೆ ಹಾದುಹೋಗುತ್ತದೆ. ಮುಂದಿನ ಕೈಯ ಹೆಬ್ಬೆರಳು ಹಳಿಗಿಂತ ಚೂರು ಮೇಲೆ ಬಂದಿದ್ದರೂ ಹೆದೆ ಅದನ್ನು ಕತ್ತರಿಸಿಕೊಂಡು ಹೋಗುತ್ತದೆ. ಬಾಣ ಇಡದೆ ಟ್ರಿಗರ್ ಒತ್ತಿದರೆ ಶಕ್ತಿಯೆಲ್ಲ ಬಿಲ್ಲಿಗೇ ತಿರುಗಿ, ತುಂಡು ಸಿಡಿದು ಮುಖಕ್ಕೆ ಬರಬಹುದು. ಹೆದೆ ಎಳೆದಿಟ್ಟ ಕ್ರಾಸ್‌ಬೋ ಹೆಗಲಿಗೆ ಹಾಕಿ ಮರ ಹತ್ತಬಾರದು. ಮೊದಲು ಹತ್ತಿ ಬೆಲ್ಟು ಕಟ್ಟಿಕೊಳ್ಳಿ, ಆಮೇಲೆ ಹಗ್ಗದಲ್ಲಿ ಮೇಲೆಳೆದುಕೊಳ್ಳಿ. ಬೇಟೆಯಲ್ಲಿ ಮರದಿಂದ ಬಿದ್ದು ಆಗುವ ಅನಾಹುತ ಆಯುಧದಿಂದ ಆಗುವುದಕ್ಕಿಂತ ಕಡಿಮೆ ಅಂದುಕೊಳ್ಳಬೇಡಿ.

ಬಾಣ ತಾಗಿದ ಜಿಂಕೆ ಓಡಿಹೋದರೆ?

ಓಡಿಯೇ ಓಡುತ್ತದೆ. ಆಗ ಕೂತಲ್ಲೇ ಕೂತಿರಿ. ಅರ್ಧ ಗಂಟೆ ಬಿಟ್ಟು ಇಳಿದು ಬಾಣ ಹುಡುಕಿ. ಅದರ ಮೇಲೆ ನೊರೆ ಇರುವ ತಿಳಿಗೆಂಪು ರಕ್ತ ಇದ್ದರೆ ಶ್ವಾಸಕೋಶಕ್ಕೆ ತಾಗಿದೆ, ಜಿಂಕೆ ನೂರು ಗಜದೊಳಗೆ ಬಿದ್ದಿರುತ್ತದೆ. ಕಪ್ಪುಗೆಂಪು ಇದ್ದರೆ ಯಕೃತ್ತು, ನಾಲ್ಕು ಗಂಟೆ ಕಾಯಿರಿ. ಹಸಿರು ರಾಡಿ, ವಾಸನೆ ಇದ್ದರೆ ಕರುಳು, ಎಂಟು ಹತ್ತು ಗಂಟೆ ಬಿಡಬೇಕು. ಅವಸರಪಟ್ಟು ಹಿಂದೆ ಬಿದ್ದರೆ ಅದು ಎದ್ದು ಮೈಲಿಗಟ್ಟಲೆ ಹೋಗಿ ಎಲ್ಲೋ ನರಳಿ ಸಾಯುತ್ತದೆ. ನನ್ನ ಎರಡನೇ ವರ್ಷ ಹಾಗೆ ಒಂದನ್ನು ಕಳೆದುಕೊಂಡೆ. ಎರಡು ದಿನ ಹುಡುಕಿದೆ, ಸಿಗಲಿಲ್ಲ. ಆ ವರ್ಷ ಮತ್ತೆ ಬಿಲ್ಲು ಮುಟ್ಟಲಿಲ್ಲ.

ನಾನು ಎಚ್‌-1ಬಿ ವೀಸಾದಲ್ಲಿದ್ದೇನೆ. ಬೇಟೆಗೆ ಹೋಗಬಹುದಾ?

ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಅಮೆರಿಕದ ಕೇಂದ್ರ ಕಾನೂನಿನ ತಡೆ ಇದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಬಿಲ್ಲು, ಕ್ರಾಸ್‌ಬೋ ಆ ಕಾನೂನಿನಲ್ಲಿ ಬಂದೂಕಿನ ಲೆಕ್ಕಕ್ಕೆ ಬರುವುದಿಲ್ಲ. ನಮ್ಮವರಲ್ಲಿ ತುಂಬಾ ಜನ ಬಿಲ್ಲಿನಿಂದಲೇ ಶುರು ಮಾಡುವುದಕ್ಕೆ ಇದೂ ಒಂದು ಕಾರಣ. ಬೇಟೆಯ ಲೈಸೆನ್ಸ್ ಮಾತ್ರ ಬೇಕೇ ಬೇಕು.

ಊರಿಗೆ ಒಂದು ಕ್ರಾಸ್‌ಬೋ ತರಲಾ? ತೋಟಕ್ಕೆ ಹಂದಿ ಬರುತ್ತದೆ.

ಬೇಡ. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಅದರಲ್ಲಿ ಆಯುಧ ಅನ್ನುವ ಪದಕ್ಕೆ ಕೊಟ್ಟ ಅರ್ಥದಲ್ಲೇ ಬಿಲ್ಲು ಬಾಣ ಸೇರಿದೆ, ಉರುಳು, ಬಲೆಯೂ ಸೇರಿವೆ. ಬಂದೂಕಲ್ಲವಲ್ಲ ಅನ್ನುವ ವಾದ ನಡೆಯುವುದಿಲ್ಲ. ತೋಟದ ನಷ್ಟ ಎಷ್ಟು ಸಂಕಟದ್ದು ಅಂತ ನನಗೆ ಗೊತ್ತು, ನಮ್ಮ ಅಡಿಕೆ ತೋಟದಲ್ಲೂ ಹಂದಿ ಬುಡ ಕೆದಕಿಹಾಕುತ್ತದೆ. ಅದಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡುವುದೇ ದಾರಿ.

ಬ್ರಿಟನ್ನಿನಲ್ಲಿರುವ ಗೆಳೆಯರಿಗೂ ಹೇಳಿಬಿಡುತ್ತೇನೆ, ಅಲ್ಲಿನ 1981ರ ಕಾನೂನು ಬಿಲ್ಲು, ಕ್ರಾಸ್‌ಬೋ ಎರಡರಿಂದಲೂ ಕಾಡುಪ್ರಾಣಿ ಕೊಲ್ಲುವುದನ್ನು ತಡೆದಿದೆ.

ಈ ವರ್ಷವೇ ಶುರು ಮಾಡಬೇಕು. ಮೊದಲು ಏನು ಮಾಡಲಿ?

ಆಯುಧ ಕೊಳ್ಳಬೇಡಿ. ಮೊದಲು ತರಬೇತಿಗೆ ಸೇರಿ. ಆಮೇಲೆ ಗುರಿ ಅಭ್ಯಾಸದ ಜಾಗಕ್ಕೆ ಹೋಗಿ ಬಿಲ್ಲು, ಕ್ರಾಸ್‌ಬೋ ಎರಡನ್ನೂ ಕೈಯಲ್ಲಿ ಹಿಡಿದು ನೋಡಿ. ಕೊಂಡ ಮೇಲೆ 20 ಗಜದಲ್ಲಿ ಅಂಗೈ ಅಗಲದ ಗುರಿಗೆ ಸತತವಾಗಿ ಹತ್ತು ಬಾಣ ಬೀಳಬೇಕು. ಕೂತು ಹೊಡೆಯಿರಿ, ಮರದ ಮೇಲಿಂದ ಹೊಡೆಯಿರಿ, ದಪ್ಪ ಜಾಕೆಟ್ ಹಾಕಿಕೊಂಡು ಹೊಡೆಯಿರಿ. ಹತ್ತರಲ್ಲಿ ಒಂದು ಹೊರಗೆ ಬಿದ್ದರೂ ಆ ವಾರ ಕಾಡಿಗೆ ಬರಿಗೈಯಲ್ಲೇ ಹೋಗಿ, ಸುಮ್ನೆ ಕೂತು ಜಿಂಕೆ ನೋಡಿ ಬನ್ನಿ.